ರಕ್ಷಣೆಯ ಮರುದಿನ

ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ನರಳುತ್ತಿರುವ ನಾಯಿಯೊಂದನ್ನು ಎತ್ತಿ ಚಿಕಿತ್ಸೆಗೆ ಒಯ್ಯುವುದು ಕೆಲವು ಗಂಟೆಗಳ ಕೆಲಸ. ಆ ನಾಯಿ ಬದುಕುಳಿದು ಹಿಂಗಾಲುಗಳ ಸ್ವಾಧೀನವನ್ನು ಶಾಶ್ವತವಾಗಿ ಕಳೆದುಕೊಂಡರೆ, ಅದನ್ನು ನೋಡಿಕೊಳ್ಳುವುದು ವರ್ಷಗಟ್ಟಲೆ ನಡೆಯಬೇಕಾದ ಕೆಲಸ. ಮೊದಲನೆಯದಕ್ಕೆ ಮರುಗುವ ಮನಸ್ಸು ಸಾಕು, ಎರಡನೆಯದಕ್ಕೆ ಮರುಕದ ಜೊತೆಗೆ ಒಂದು ವ್ಯವಸ್ಥೆಯೂ ಬೇಕು. ಅಂಥ ವ್ಯವಸ್ಥೆಗಳಲ್ಲಿ ಒಂದು ಪಾಲನಾ ಪ್ರಾಯೋಜನೆ, ಅಂದರೆ ವಿಶೇಷ ಆರೈಕೆ ಬೇಕಾದ ನಾಯಿಯನ್ನು ಮನೆಗೆ ಕರೆದೊಯ್ಯದೆ, ಅದು ಆಶ್ರಯಧಾಮದಲ್ಲೇ ಇರುವಂತೆ ಅದರ ಆಹಾರ, ಔಷಧ ಮತ್ತು ಶುಶ್ರೂಷೆಯ ವೆಚ್ಚವನ್ನು ವ್ಯಕ್ತಿಯೊಬ್ಬರೋ ಕುಟುಂಬವೊಂದೋ ಪ್ರತಿ ತಿಂಗಳೂ ವಹಿಸಿಕೊಳ್ಳುವ ಏರ್ಪಾಡು.

ಇಂಥ ನಾಯಿಗಳು ಆಶ್ರಯಧಾಮದಲ್ಲೇ ಉಳಿಯುವುದಕ್ಕೆ ಕಾರಣವಿದೆ. ಭಾರತದಲ್ಲಿ 2001ರಲ್ಲಿ ಜಾರಿಗೆ ಬಂದು 2023ರಲ್ಲಿ ಹೊಸ ರೂಪ ಪಡೆದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಮೂಲ ತತ್ವವೆಂದರೆ, ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಬೀದಿಗೇ ಮರಳಿ ಬಿಡುವುದು. ಆರೋಗ್ಯವಂತ ನಾಯಿ ತನ್ನ ಪರಿಚಿತ ಬೀದಿಯಲ್ಲಿ ಬದುಕಬಲ್ಲದು. ಆದರೆ ಎರಡೂ ಕಣ್ಣು ಕಳೆದುಕೊಂಡ ನಾಯಿಗೆ ವಾಹನಗಳಿಂದ ತಪ್ಪಿಸಿಕೊಳ್ಳುವುದು ಅಸಾಧ್ಯ, ನಡು ಮುರಿದ ನಾಯಿಗೆ ಆಹಾರಕ್ಕಾಗಿ ಅಲೆಯುವುದು ಅಸಾಧ್ಯ. ದತ್ತು ಪಡೆಯಲು ಬರುವವರು ಸಾಮಾನ್ಯವಾಗಿ ಆಡುವ ಮರಿಗಳನ್ನೇ ಬಯಸುವುದರಿಂದ ಇವುಗಳ ಪಾಲಿಗೆ ಮನೆಯೂ ತೆರೆಯುವುದು ಅಪರೂಪ. ಹೀಗೆ ಬೀದಿಯೂ ಮನೆಯೂ ಇಲ್ಲದ ನಾಯಿಗಳಿಗೆ ಆಶ್ರಯಧಾಮವೇ ಕೊನೆಯವರೆಗಿನ ನೆಲೆಯಾಗುತ್ತದೆ.

ಆರೈಕೆ ಎಂದರೆ ಏನೆಂಬುದನ್ನು ವಿವರವಾಗಿ ನೋಡಿದಾಗ ಮಾತ್ರ ಅದರ ಹೊಣೆಯ ತೂಕ ತಿಳಿಯುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದ ನಾಯಿ ಕಾಲುಗಳ ಬಲದ ಜೊತೆಗೆ ಅನೇಕ ವೇಳೆ ಮೂತ್ರವಿಸರ್ಜನೆಯ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಅಂಥ ನಾಯಿಯ ಹೊಟ್ಟೆಯ ಕೆಳಭಾಗವನ್ನು ಪಳಗಿದ ಕೈಯೊಂದು ದಿನಕ್ಕೆ ಮೂರು ನಾಲ್ಕು ಬಾರಿ ಮೃದುವಾಗಿ ಒತ್ತಿ ಮೂತ್ರಕೋಶವನ್ನು ಬರಿದು ಮಾಡಬೇಕು. ಹಾಗೆ ಮಾಡದಿದ್ದರೆ ಒಳಗೇ ನಿಂತ ಮೂತ್ರದಲ್ಲಿ ಸೋಂಕು ಬೆಳೆದು, ಕ್ರಮೇಣ ಮೂತ್ರಪಿಂಡಗಳಿಗೂ ಹಾನಿಯಾಗಬಹುದು. ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆ ಚಾಚಿದ ಕಡೆಗಳಲ್ಲಿ ಚರ್ಮ ಕೊಳೆತು ಹಾಸಿಗೆ ಹುಣ್ಣು ಏಳುವುದರಿಂದ ಮೆತ್ತನೆಯ ಹಾಸಿಗೆ ಬೇಕು, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವವರು ಬೇಕು. ಒರಟು ನೆಲದ ಮೇಲೆ ಮೈ ಎಳೆದುಕೊಂಡು ಸಾಗುವಾಗ ಆದ ತರಚು ಗಾಯವನ್ನು ಸ್ವಚ್ಛಗೊಳಿಸದಿದ್ದರೆ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ. ಸೊಂಟಕ್ಕೆ ಆಸರೆ ಕೊಡುವ ಎರಡು ಚಕ್ರದ ಗಾಲಿಬಂಡಿಯನ್ನು ಕಟ್ಟಿದರೆ ಅದೇ ನಾಯಿ ಮುಂಗಾಲುಗಳ ಬಲದಿಂದ ಓಡುತ್ತದೆ. ಆದರೆ ಆ ಬಂಡಿ ಅದರ ಅಳತೆಗೆ ಸರಿಹೊಂದಬೇಕು, ಪಟ್ಟಿಗಳು ಉಜ್ಜದಂತೆ ನೋಡಬೇಕು, ನಿಗದಿತ ಹೊತ್ತಿನ ನಂತರ ಬಿಚ್ಚಿ ವಿಶ್ರಾಂತಿ ಕೊಡಬೇಕು. ಇವಾವುದಕ್ಕೂ ಭಾನುವಾರವೆಂಬ ಬಿಡುವಿಲ್ಲ, ಹಬ್ಬದ ರಜೆಯಿಲ್ಲ.

ಉಳಿದ ನ್ಯೂನತೆಗಳ ಬೇಡಿಕೆಗಳು ಬೇರೆ ಬೇರೆ. ಡಿಸ್ಟೆಂಪರ್ ಎಂಬುದು ನಾಯಿಗಳ ನರಮಂಡಲವನ್ನೂ ತಾಕುವ ವೈರಾಣು ರೋಗ. ಅದರಿಂದ ಪಾರಾದ ಕೆಲವು ನಾಯಿಗಳಲ್ಲಿ ಸ್ನಾಯುಗಳ ನಡುಕ ಜೀವನವಿಡೀ ಉಳಿಯುತ್ತದೆ. ಅಪಸ್ಮಾರವಿರುವ ನಾಯಿಗೆ ಫಿನೋಬಾರ್ಬಿಟಾಲ್‌ನಂಥ ಔಷಧವನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ಅದನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಾಪಾಯವನ್ನೇ ತರಬಲ್ಲ ಸೆಳವು ಮರುಕಳಿಸಬಹುದು. ಕುರುಡು ನಾಯಿ ವಾಸನೆ ಮತ್ತು ನೆನಪಿನ ಬಲದಿಂದ ತನ್ನ ಆವರಣದ ನಕ್ಷೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದರಿಂದ, ಅದರ ನೀರಿನ ಬೋಗುಣಿಯನ್ನು ಜಾಗ ಬದಲಿಸದೆ ಇಡುವುದೇ ದೊಡ್ಡ ಸಹಾಯ. ಕಿವುಡು ನಾಯಿ ಕೈಸನ್ನೆಗಳನ್ನು ಕಲಿಯಬಲ್ಲದು. ಮೂರು ಕಾಲಿನ ನಾಯಿಗಂತೂ ಬಹುಪಾಲು ಬೇಕಾಗುವುದು ಮೈ ತೂಕ ಹೆಚ್ಚದಂತೆ ನೋಡುವ ಎಚ್ಚರ ಮಾತ್ರ. ಎಂದರೆ ನ್ಯೂನತೆಯೇ ಯಾತನೆಯಲ್ಲ; ಎಷ್ಟೋ ವೇಳೆ ಯಾತನೆಯನ್ನು ತರುವುದು ಆರೈಕೆಯ ಕೊರತೆ.

ಆರೈಕೆ ಹೀಗೆ ನಿತ್ಯದ್ದಾಗಿರುವಾಗ ಅದಕ್ಕೆ ಒದಗುವ ಹಣ ಮಾತ್ರ ಹೆಚ್ಚಾಗಿ ನೈಮಿತ್ತಿಕವಾಗಿರುತ್ತದೆ. ಗಾಯಗೊಂಡ ನಾಯಿಯ ಚಿತ್ರ ಕಂಡಾಗ ಕೊಡುಗೆಗಳು ಹರಿದು ಬರುತ್ತವೆ. ಗಾಯ ಮಾಯ್ದು ನಾಯಿ ಮೂಲೆಯಲ್ಲಿ ಬದುಕತೊಡಗಿದಾಗ ಅವು ಬತ್ತುತ್ತವೆ. ಆದರೆ ಮೂತ್ರಕೋಶವನ್ನು ಬರಿದು ಮಾಡಲು ಕಲಿತ ಸಹಾಯಕರಿಗೆ ಸಂಬಳ ಪ್ರತಿ ತಿಂಗಳೂ ಸಲ್ಲಬೇಕು, ಅಪಸ್ಮಾರದ ಗುಳಿಗೆ ಮುಗಿಯುವ ಮೊದಲೇ ಮುಂದಿನದು ಬರಬೇಕು. ಪ್ರಾಯೋಜನೆಯ ಮೌಲ್ಯವಿರುವುದು ಮೊತ್ತದ ಹಿರಿಮೆಯಲ್ಲಲ್ಲ, ಅದರ ಕ್ರಮದಲ್ಲಿ: ಇಂತಿಷ್ಟು ಬರುವುದು ಖಚಿತವೆಂದಾದರೆ ಮಾತ್ರ ಸಂಸ್ಥೆಯೊಂದು ಇನ್ನೊಂದು ಅಂಗವಿಕಲ ಜೀವವನ್ನು ಧೈರ್ಯವಾಗಿ ಒಳಗೆ ಕರೆದುಕೊಳ್ಳಬಹುದು. 1991ರಲ್ಲಿ ಕ್ರಿಸ್ಟಲ್ ರಾಜರ್ಸ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಕ್ಯೂಪಾ, ಮೂರು ಕಾಲಿನ ನಾಯಿಯೊಂದರ ಹೆಸರು ಹೊತ್ತ ಅದೇ ನಗರದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, 2002ರಿಂದ ಉದಯಪುರದಲ್ಲಿ ದುಡಿಯುತ್ತಿರುವ ಅನಿಮಲ್ ಏಡ್ ಅನ್‌ಲಿಮಿಟೆಡ್ ಮುಂತಾದ ಸಂಸ್ಥೆಗಳ ಕೆಲಸ ಸಾರ್ವಜನಿಕರ ಇಂಥ ಬೆಂಬಲವನ್ನೇ ನೆಚ್ಚಿಕೊಂಡಿದೆ.

ನಾಯಿಯ ಹೆಸರಿನಲ್ಲಿ ನಿತ್ಯದ ಹೊಣೆಯೊಂದನ್ನು ಆದಾಯಕ್ಕೆ ಬೆಸೆಯುವ ಯೋಚನೆ ಕನ್ನಡ ನಾಡಿಗೆ ಹೊಸದಲ್ಲ. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ವೀರಗಲ್ಲು ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಗಂಗರ ಬೂತುಗನ ಅನುಯಾಯಿ ಮಣಲೆರನು ಮೆಚ್ಚುಗೆಯಾಗಿ ಬೇಡಿ ಪಡೆದ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಕಲ್ಲು ನಿಲ್ಲಿಸಿದವರು ಅಷ್ಟಕ್ಕೇ ತೃಪ್ತರಾಗದೆ ಅದರ ಪೂಜೆಗೆಂದು ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಗಲುವುದೆಂಬ ಕಟ್ಟಳೆಯನ್ನೂ ಕೆತ್ತಿಸಿದರು. ಭಾವನೆ ಎಷ್ಟೇ ನಿಜವಾಗಿದ್ದರೂ ಕಾಲಕ್ರಮದಲ್ಲಿ ಸಡಿಲಗೊಳ್ಳುತ್ತದೆ, ಆದ್ದರಿಂದ ಅದಕ್ಕೆ ನಿಯಮದ ಕಟ್ಟು ಬೇಕೆಂಬ ತಿಳಿವು ಆ ಶಾಸನದಲ್ಲಿದೆ.

ಕಾಳಿಗೆ ಆ ಗೌರವ ದೊರೆತದ್ದು ಪರಾಕ್ರಮಕ್ಕಾಗಿ. ಆಶ್ರಯಧಾಮದ ನಾಯಿ ಅಂಥ ಯಾವ ಸಾಹಸವನ್ನೂ ಮೆರೆದಿಲ್ಲ. ಹಾಗಾದರೆ, ಮನುಷ್ಯರಲ್ಲೇ ಹಸಿದವರಿರುವಾಗ ಅದರ ಮೇಲೆ ಹಣವನ್ನೇಕೆ ವ್ಯಯಿಸಬೇಕೆಂಬ ಪ್ರಶ್ನೆ ಏಳುತ್ತದೆ, ಮತ್ತು ಆ ಪ್ರಶ್ನೆ ಗಂಭೀರವಾದದ್ದು. ಅದಕ್ಕೆ ಉತ್ತರ ಇಂಥ ಎಷ್ಟೋ ಗಾಯಗಳ ಮೂಲದಲ್ಲೇ ಇದೆ. ನಡು ಮುರಿಯುವುದು ಮನುಷ್ಯರ ವಾಹನದಿಂದ. ತಳಿಯ ಮೋಹದಿಂದ ಹತ್ತಿರದ ರಕ್ತಸಂಬಂಧದಲ್ಲೇ ಮರಿ ಹಾಕಿಸಿ ರೋಗ ಕಂಡೊಡನೆ ಬೀದಿಗೆ ಬಿಡುವುದು ಮನುಷ್ಯರ ವ್ಯಾಪಾರದಿಂದ. ಡಿಸ್ಟೆಂಪರಿಗೆ ಲಸಿಕೆಯಿದ್ದೂ ಅದು ಬೀದಿಗೆ ತಲುಪದಿರುವುದು ಮನುಷ್ಯರ ಅಲಕ್ಷ್ಯದಿಂದ. ಸಾವಿರಾರು ವರ್ಷಗಳಿಂದ ಮನುಷ್ಯನನ್ನು ನಂಬಿ ಬದುಕಿದ ಪ್ರಾಣಿಗೆ ಮನುಷ್ಯನಿಂದಲೇ ಆದ ಹಾನಿಯನ್ನು ತುಂಬಿಕೊಡುವುದು ಭಿಕ್ಷೆಯಲ್ಲ, ಋಣಸಂದಾಯ. 1976ರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 51ಎ ವಿಧಿ ಜೀವಿಗಳ ಬಗೆಗಿನ ಅನುಕಂಪವನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಎಣಿಸಿದೆ. ಕರ್ತವ್ಯವೆಂದಮೇಲೆ ಅದು ಅನುಕೂಲವಾದಾಗ ಮಾತ್ರ ನೆನಪಾಗುವಂಥದಲ್ಲ.

ಕರ್ತವ್ಯವನ್ನು ಕುರುಡಾಗಿ ಮಾಡಬೇಕೆಂದೇನೂ ಇಲ್ಲ. ಪ್ರಾಯೋಜಿಸುವವರು ಸಂಸ್ಥೆಯ ನೋಂದಣಿಯನ್ನೂ ಲೆಕ್ಕಪರಿಶೋಧನೆಯ ವರದಿಯನ್ನೂ ಕೇಳಬೇಕು, ಸಾಧ್ಯವಾದರೆ ಸ್ಥಳಕ್ಕೆ ಹೋಗಿ ನೋಡಬೇಕು, ತಾವು ಕೊಟ್ಟದ್ದು ಒಂದೇ ನಾಯಿಗೆ ಸಲ್ಲುವುದೋ ಅಂಥ ನಾಯಿಗಳೆಲ್ಲದರ ನಿಧಿಗೆ ಸೇರುವುದೋ ಎಂಬುದನ್ನು ಮೊದಲೇ ತಿಳಿಯಬೇಕು. ಯಾವ ಔಷಧಕ್ಕೂ ಬಗ್ಗದ ನೋವು ಬಂದಾಗ ಪಶುವೈದ್ಯರ ನಿರ್ಧಾರದಂತೆ ನೀಡುವ ದಯಾಮರಣವೂ ಪಾಲನೆಯ ಭಾಗವೇ ಎಂಬುದನ್ನು ಒಪ್ಪಬೇಕು; ನಾಯಿಯನ್ನು ಉಳಿಸಿಕೊಳ್ಳುವ ಹಂಬಲ ಅದರ ಯಾತನೆಯನ್ನು ಬೆಳೆಸುವ ಹಠವಾಗಬಾರದು. ಹಣ ಕೊಡಲಾಗದವರು ವಾರಕ್ಕೊಮ್ಮೆ ಗಾಲಿಬಂಡಿಯ ನಾಯಿಗಳನ್ನು ಅಡ್ಡಾಡಿಸಬಹುದು, ಹಳೆಯ ಹೊದಿಕೆಗಳನ್ನು ಒಗೆದು ಕಳಿಸಬಹುದು. ಒಂದು ಓಣಿಯ ಕೆಲವು ಮನೆಗಳು ಕೂಡಿ ಒಂದು ನಾಯಿಯ ವೆಚ್ಚವನ್ನು ಹಂಚಿಕೊಂಡರೆ ಯಾರಿಗೂ ಭಾರವಾಗದು.

ಕರುಣೆ ಮನಸ್ಸಿನಲ್ಲಿ ಹುಟ್ಟುವುದು ಸಹಜ. ಅದು ತಿಂಗಳ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲಾಗಿ ನಿಲ್ಲುವುದು ಸಂಸ್ಕಾರ. ಮನಸ್ಸು ಮರುಗಿದ ತಿಂಗಳಿನಂತೆಯೇ ಮರೆತ ತಿಂಗಳಿನಲ್ಲೂ ನಾಯಿಗೆ ಔಷಧ ದೊರೆಯುವಂತೆ ಏರ್ಪಾಡು ಮಾಡಿದಾಗಲೇ, ರಕ್ಷಣೆಯೆಂದು ಆರಂಭವಾದ ಕೆಲಸ ನಿಜವಾಗಿ ರಕ್ಷಣೆಯಾಗುತ್ತದೆ.