ಕಡಲಾಮೆಯ ಮರಿಗಳನ್ನು ಕಂಡು ಬಂದೆವು



ಈ ವೇದಿಕೆಯ ಮೇಲೆ ನಿಂತು ಮಾತನಾಡಿದವರು ಪಂಡಿತರು, ಪ್ರಾಧ್ಯಾಪಕರು, ಕಲಾವಿದರು. ನಾವಾದರೋ ಬ್ಯಾಂಕಿನ ಗುಮಾಸ್ತರು. ದಿನವೆಲ್ಲ ಪರರ ಹಣವನ್ನು ಎಣಿಸುವುದು, ಸಂಜೆ ಲೋಕಲ್ ಗಾಡಿಯಲ್ಲಿ ನಿಲ್ಲಲು ಒಂದು ಮೊಳ ಜಾಗ ಹುಡುಕುವುದು, ಇಷ್ಟೇ ನಮ್ಮ ವಿದ್ಯೆ. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. “ನೀವು ಮನೆಮಂದಿಯೆಲ್ಲ ಕೊಂಕಣದ ಕಡಲತೀರಕ್ಕೆ ಹೋಗಿಬಂದಿರಲ್ಲ, ಅದನ್ನೇ ಹೇಳಿ. ಹೋಗಬೇಕೆನ್ನುವವರಿಗೆ ದಾರಿಯಾದರೂ ತಿಳಿದೀತು” ಎಂದರು. ಆದ್ದರಿಂದ ಈ ಮಾತುಗಳು. ಇದರಲ್ಲಿ ಪಾಂಡಿತ್ಯವನ್ನು ಯಾರೂ ಅರಸಬಾರದು.

ನಾವು ನೋಡಲು ಹೋದದ್ದು ಕಡಲಾಮೆಯನ್ನು. ಬಾವಿಯ ಆಮೆ, ಕೆರೆಯ ಆಮೆ ನಮಗೆಲ್ಲ ಗೊತ್ತು. ಮುಟ್ಟಿದರೆ ತಲೆ ಕಾಲುಗಳನ್ನು ಚಿಪ್ಪಿನೊಳಕ್ಕೆ ಎಳೆದುಕೊಳ್ಳುತ್ತದೆ. ಕಡಲಾಮೆಗೆ ಆ ಸೌಕರ್ಯವಿಲ್ಲ. ಅದರ ಕಾಲುಗಳು ಹುಟ್ಟಿನಂತಾಗಿವೆ. ಈಜಲು ಅನುಕೂಲ, ಅಡಗಲು ಆಗದು. ನೀರಿನಲ್ಲೇ ಬಾಳಿದರೂ ಉಸಿರಾಡಲು ಅದು ಮೇಲಕ್ಕೆ ಬರಲೇಬೇಕು. ಭಾರತದ ಕಡಲುಗಳಲ್ಲಿ ಐದು ಜಾತಿಯ ಕಡಲಾಮೆಗಳುಂಟು. ನಮ್ಮ ಕರಾವಳಿಗಳಲ್ಲಿ ಹೆಚ್ಚಾಗಿ ಮೊಟ್ಟೆಯಿಡಲು ಬರುವುದು ಆಲಿವ್ ರಿಡ್ಲಿ ಎಂಬುದು. ಇವುಗಳಲ್ಲೆಲ್ಲ ಚಿಕ್ಕದು ಇದೇ; ಆದರೂ ಬೆಳೆದ ಆಮೆಯ ಚಿಪ್ಪು ಎರಡಡಿಗೂ ಮೀರಿ ಉದ್ದ, ತೂಕ 35ರಿಂದ 50 ಕಿಲೋಗ್ರಾಮು.

ಗಂಡಾಮೆ ಒಮ್ಮೆ ಕಡಲು ಸೇರಿತೆಂದರೆ ಸಾಮಾನ್ಯವಾಗಿ ಮತ್ತೆ ನೆಲವನ್ನು ಮೆಟ್ಟುವುದಿಲ್ಲ. ಹೆಣ್ಣು ಮಾತ್ರ ಮೊಟ್ಟೆಯಿಡಲು ರಾತ್ರಿಯ ವೇಳೆ ತೀರಕ್ಕೆ ಬರುತ್ತದೆ. ಹಿಂಗಾಲುಗಳಿಂದ ಒಂದೂವರೆ ಅಡಿಯಷ್ಟು ಗುಣಿ ತೋಡಿ, ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ತಾಯಿ ಮರಿಯನ್ನು ಕಾಣುವುದಿಲ್ಲ, ಮರಿ ತಾಯಿಯನ್ನು ಕಾಣುವುದಿಲ್ಲ. 45ರಿಂದ 60 ದಿನ ಮರಳಿನ ಕಾವೇ ಅದಕ್ಕೆ ತಾಯಿ. ಆ ಕಾವು ಹೆಚ್ಚಾದರೆ ಹೆಣ್ಣುಮರಿಗಳು ಹೆಚ್ಚು, ಕಡಿಮೆಯಾದರೆ ಗಂಡುಮರಿಗಳು ಹೆಚ್ಚು ಎಂಬುದು ಪ್ರಾಣಿಶಾಸ್ತ್ರಜ್ಞರು ಕಂಡುಕೊಂಡ ಸಂಗತಿ.

ಒಡಿಶಾದ ಗಹಿರಮಥಾ, ಋಷಿಕುಲ್ಯಾ ತೀರಗಳಲ್ಲಿ ಇವು ಲಕ್ಷಗಟ್ಟಲೆಯಾಗಿ ಒಟ್ಟಿಗೆ ಬರುತ್ತವೆ. ನಮ್ಮ ಪಡುವಣ ಕಡಲಿನಲ್ಲಿ ಆ ಜಾತ್ರೆಯಿಲ್ಲ. ಒಂಟೊಂಟಿಯಾಗಿ ಬಂದು ಹೋಗುತ್ತವೆ. ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲೂಕಿನಲ್ಲಿ ವೇಳಾಸ್ ಎಂಬ ಹಳ್ಳಿಯುಂಟು. ಹಿಂದೆ ಅಲ್ಲಿ ಮೊಟ್ಟೆಗಳು ಮನುಷ್ಯರ ಪಾಲಾಗುತ್ತಿದ್ದವು. ಉಳಿದದ್ದು ನಾಯಿ ನರಿಗಳ ಪಾಲು. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು 2002ರಲ್ಲಿ ಹಳ್ಳಿಗರನ್ನು ಕೂಡಿಕೊಂಡು ರಕ್ಷಣೆಯ ಕೆಲಸ ಆರಂಭಿಸಿದರು. ಈಗ ಊರಿನವರೇ ನಸುಕಿನಲ್ಲಿ ತೀರವನ್ನು ನಡೆದು, ಆಮೆಯ ಹೆಜ್ಜೆಯ ಗುರುತು ಹಿಡಿದು, ಮೊಟ್ಟೆಗಳನ್ನು ತಂದು, ಬೇಲಿಯೊಳಗೆ ಅಷ್ಟೇ ಆಳದ ಗುಣಿಯಲ್ಲಿಟ್ಟು ಕಾಯುತ್ತಾರೆ. ಮರಿ ಹೊರಬಂದಾಗ ಬೆಳಿಗ್ಗೆ ಮತ್ತು ಸಂಜೆ ಕಡಲಿಗೆ ಬಿಡುತ್ತಾರೆ. ನೋಡಲು ಬಂದವರು ಊರವರ ಮನೆಗಳಲ್ಲೇ ಇಳಿದುಕೊಳ್ಳುತ್ತಾರೆ. ಹಿಂದೆ ಮೊಟ್ಟೆ ಅಗೆದು ತಿನ್ನುತ್ತಿದ್ದ ಊರಿಗೆ ಅದೇ ಮೊಟ್ಟೆ ಇಂದು ಅನ್ನ ಕೊಡುತ್ತಿದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಬಾಳುವ ಮಾರ್ಗವನ್ನು ಅವರು ಕಂಡುಕೊಂಡಿದ್ದಾರೆ.

ಇದೆಲ್ಲ ಸರಿ, ಗದಗ ಜಿಲ್ಲೆಯ ಕರಿನೆಲದವರಾದ ನಮಗೆ ಕಡಲಾಮೆಯ ಗೊಡವೆ ಏಕೆ ಎಂದು ತಾವು ಕೇಳಬಹುದು. ಇದು ನಮ್ಮ ಅವ್ವನ ಬಾಲ್ಯದ ಆಸೆ. ಅವಳ ತವರೂರಿನ ಗುಡಿಯ ನೆಲದಲ್ಲಿ ಒಂದು ಕಲ್ಲಿನ ಆಮೆಯುಂಟು. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುವುದು ವಾಡಿಕೆ. ಶ್ರಾವಣದಲ್ಲಿ ಪುರಾಣ ಹೇಳುವವರು ಸಮುದ್ರಮಥನದ ಕಥೆ ಹೇಳಿ, ಮಂದರ ಪರ್ವತವನ್ನು ಬೆನ್ನ ಮೇಲೆ ಹೊತ್ತ ಆಮೆಯನ್ನು ವರ್ಣಿಸಿದಾಗ ಅವಳಿಗೆ ಏಳೆಂಟು ವರ್ಷ. “ಅಂಥಾದ್ದು ಈಗೂ ಐತೇನ್ರಿ?” ಎಂದು ಕೇಳಿದಳಂತೆ. “ಸಮುದ್ರದಾಗ ಗಾಡಿಗಾಲಿಯಷ್ಟು ಆಮಿ ಈಗೂ ಅದಾವ” ಎಂದರಂತೆ ಅವರು. ಅಂದಿನಿಂದ ಅವಳಿಗೆ ಜೀವಂತ ಕಡಲಾಮೆಯನ್ನು ಕಾಣುವ ಹಂಬಲ. ಮಳೆಗಾಗಿ ಮೋಡ ನೋಡಿ ಕಾಲ ಕಳೆಯುವ ಊರಿನ ಹುಡುಗಿಗೆ ಸಮುದ್ರವೆಲ್ಲಿಂದ ಬರಬೇಕು? ಮದುವೆಯಾಯಿತು, ಹೊಲಮನೆಯಾಯಿತು, ನಾವು ಮಕ್ಕಳಾದೆವು. ಆಸೆ ಗಂಟಿನಲ್ಲೇ ಉಳಿಯಿತು.

ನಮ್ಮ ತಂದೆಯವರು ತೀರಿಕೊಂಡ ಬಳಿಕ ಅವ್ವ ಮುಂಬಯಿಗೆ ಬಂದಳು. ನಮ್ಮ ವಾಸ ಡೊಂಬಿವಲಿಯಲ್ಲಿ. ಚೌಪಾಟಿಗೆ ಹೋದೆವು, ಜುಹೂಗೆ ಹೋದೆವು. ಅವ್ವ ನೀರು ನೋಡಿದಳು, ಜನ ನೋಡಿದಳು. “ಆಮಿ ಎಲ್ಲಿ?” ಎಂದಳು. ಮಕ್ಕಳು ನಕ್ಕರು. ಆದರೆ ಅವಳ ಪ್ರಶ್ನೆ ನಗುವಂಥದಲ್ಲ. ಇದೇ ಮುಂಬಯಿಯ ವರ್ಸೋವಾ ತೀರದಲ್ಲಿ ನಾಗರಿಕರು 2015ರಿಂದ ವಾರವಾರವೂ ಕಸ ತೆಗೆದ ಮೇಲೆ, 2018ರ ಮಾರ್ಚ್ ತಿಂಗಳಲ್ಲಿ ಆಲಿವ್ ರಿಡ್ಲಿ ಮರಿಗಳು ಮರಳಿನಿಂದೆದ್ದು ಕಡಲಿಗಿಳಿದದ್ದನ್ನು ಪತ್ರಿಕೆಗಳಲ್ಲಿ ಓದಿದವರು ಇಲ್ಲಿಯೂ ಇರಬಹುದು. ನೆಲ ಶುದ್ಧವಾದರೆ ಬರುವವರು ಬರುತ್ತಾರೆ.

ಹಾಗಾದರೆ ಬೇಗನೆ ಏಕೆ ವೇಳಾಸಿಗೆ ಹೋಗಲಿಲ್ಲ? ಆಮೆಯ ಮರಿಗಳು ಹೊರಬರುವುದು ಫೆಬ್ರವರಿ ಕೊನೆಯಿಂದ ಏಪ್ರಿಲಿನವರೆಗೆ. ಬ್ಯಾಂಕಿನವರಿಗೆ ಮಾರ್ಚ್ ಎಂದರೆ ವರ್ಷದ ಲೆಕ್ಕ ಮುಗಿಸುವ ತಿಂಗಳು. ರಜೆ ಎಂಬ ಶಬ್ದವನ್ನು ಬಾಯಿಬಿಟ್ಟು ಆಡುವಂತಿಲ್ಲ. ಮಕ್ಕಳಿಗೆ ಪರೀಕ್ಷೆಯೂ ಆಗಲೇ. ಹೀಗೆ ಎರಡು ವರ್ಷ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವ್ವನ ಬಲಗಣ್ಣು ಹೋಯಿತು. ಎಡಗಣ್ಣಿನ ನರವೂ ಬಾಡುತ್ತಿದೆ, ಔಷಧದಿಂದ ತಡೆಯಬಹುದೇ ಹೊರತು ಹೋದದ್ದು ಬಾರದು ಎಂದರು ವೈದ್ಯರು. ಅವ್ವ ಏನೂ ಅನ್ನಲಿಲ್ಲ. ಆ ರಾತ್ರಿ ನಾವಿಬ್ಬರೂ ಕುಳಿತು ತಿಂಗಳ ಖರ್ಚಿನ ಚೀಟಿ ತೆಗೆದೆವು. ಶೀತಕಪೆಟ್ಟಿಗೆ ಹೊಸದು ತರಬೇಕೆಂದು ಇಟ್ಟಿದ್ದ ಹಣವನ್ನು ಬೇರೆ ಖಾತೆಗೆ ಬರೆದೆವು. ಹಳೆಯ ಪೆಟ್ಟಿಗೆ ಇನ್ನೂ ತಂಪು ಕೊಡುತ್ತಿತ್ತು. ಅವ್ವನ ಕಣ್ಣು ಕಾಯುವಂತಿರಲಿಲ್ಲ.

ಈ ವರ್ಷ ಮಾರ್ಚ್ ತಿಂಗಳ ಎರಡನೆಯ ಶನಿವಾರ, ಭಾನುವಾರ, ಅದಕ್ಕೆ ಹೊಂದಿಸಿ ಒಂದು ಶುಕ್ರವಾರದ ರಜೆ. ಮೇಲಧಿಕಾರಿಗಳು ಒಮ್ಮೆ ನಮ್ಮ ಅರ್ಜಿಯನ್ನೂ ಒಮ್ಮೆ ನಮ್ಮ ಮುಖವನ್ನೂ ನೋಡಿ ಸಹಿ ಹಾಕಿದರು. ಕೊಂಕಣ ರೈಲಿನಲ್ಲಿ ಮಾಣಗಾಂವದವರೆಗೆ ಹೋಗಿ, ಅಲ್ಲಿಂದ ಬಾಡಿಗೆಯ ಮೋಟಾರಿನಲ್ಲಿ ಬಾಗಮಾಂಡಲೆಗೆ ಬಂದೆವು. ಅಲ್ಲಿ ಸಾವಿತ್ರಿ ನದಿ ಕಡಲನ್ನು ಸೇರುವ ಅಳಿವೆ. ಮೋಟಾರುಗಳನ್ನೂ ಹೊತ್ತು ದಾಟಿಸುವ ದೊಡ್ಡ ದೋಣಿಯುಂಟು. ಮಕ್ಕಳಿಗೆ ಅದೇ ಒಂದು ಉತ್ಸವ. ಆಚೆ ದಡ ವೇಶ್ವಿ. ಅಲ್ಲಿಂದ ವೇಳಾಸ್ ದೂರವಲ್ಲ.

ಇಳಿದುಕೊಂಡ ಮನೆಯ ಯಜಮಾನಿತಿ ಅಕ್ಕಿಯ ಭಾಕರಿ, ಹುರುಳಿಯ ಪಿಠ್ಲೆ, ಸೋಲಕಢಿ ಬಡಿಸಿದರು. ಅವ್ವ ಅಡಿಗೆಮನೆ ಹೊಕ್ಕು, ಜೋಳದ ರೊಟ್ಟಿ ತಟ್ಟುವ ಬಗೆಯನ್ನು ಕೈಯಿಂದ ತೋರಿಸಿದಳು. ಇವಳಿಗೆ ಮರಾಠಿ ಅಷ್ಟಕ್ಕಷ್ಟೇ, ಅವರಿಗೆ ಕನ್ನಡ ಸೊನ್ನೆ. ಆದರೂ ಒಂದು ತಾಸಿನಲ್ಲಿ ಇಬ್ಬರೂ ಪರಸ್ಪರರ ಮಕ್ಕಳು ಮೊಮ್ಮಕ್ಕಳ ಲೆಕ್ಕವನ್ನು ಪೂರ್ತಿ ತಿಳಿದುಕೊಂಡಿದ್ದರು.

ಶುಕ್ರವಾರ ಸಂಜೆ ತೀರಕ್ಕೆ ಹೋದೆವು. ಕಾವಲಿನವರು ಗೂಡುಗಳ ಮೇಲೆ ಬೋರಲು ಹಾಕಿದ್ದ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿ ತಲೆಯಾಡಿಸಿದರು. ಮರಿಗಳಿರಲಿಲ್ಲ. ಶನಿವಾರ ಬೆಳಿಗ್ಗೆಯೂ ಇಲ್ಲ. ಶನಿವಾರ ಸಂಜೆಯೂ ಇಲ್ಲ. ನೋಡಲು ಬಂದಿದ್ದವರಲ್ಲಿ ಕೆಲವರು ಗೊಣಗಿದರು. ಕಾವಲಿನ ಹುಡುಗ ಶಾಂತನಾಗಿ, “ಇದು ನಾಟಕದ ಆಟವಲ್ಲ, ಟಿಕೆಟ್ ತೆಗೆದಾಕ್ಷಣ ಪರದೆ ಏಳುವುದಿಲ್ಲ” ಎಂದ. ಭಾನುವಾರ ಮಧ್ಯಾಹ್ನ ನಾವು ಹೊರಡಲೇಬೇಕು. ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅವ್ವ ಮಾತ್ರ, “ಬಂದ್ರ ಬರ್ತಾವ, ಇಲ್ಲಾಂದ್ರ ಸಮುದ್ರನಾರ ನೋಡಿದ್ವಲ್ಲ” ಎಂದು ಹೇಳಿ ಮಲಗಿಬಿಟ್ಟಳು.

ಭಾನುವಾರ ಬೆಳಿಗ್ಗೆ ಮನೆಯವರ ಹುಡುಗ ಅವ್ವನನ್ನು ಮೋಟಾರ್ ಸೈಕಲ್ಲಿನ ಮೇಲೆ ಗಾಳಿಮರದ ತೋಪಿನವರೆಗೆ ಬಿಟ್ಟ. ಮೊದಲನೆಯ ಬುಟ್ಟಿ ಬರಿದು. ಎರಡನೆಯದೂ ಬರಿದು. ಮೂರನೆಯದನ್ನು ಎತ್ತಿದಾಗ ಮರಳು ಅಲುಗಾಡುತ್ತಿತ್ತು. ಹತ್ತೊಂಬತ್ತು ಮರಿಗಳು! ಹಗ್ಗ ಕಟ್ಟಿ ನಮ್ಮನ್ನೆಲ್ಲ ಆಚೆ ನಿಲ್ಲಿಸಿದರು. ಮುಟ್ಟುವಂತಿಲ್ಲ, ಮಿಂಚುದೀಪ ಹಾಕಿ ಚಿತ್ರ ತೆಗೆಯುವಂತಿಲ್ಲ. ಅವ್ವನ ಕಣ್ಣಿನ ಸಂಗತಿ ಕೇಳಿ ಆ ಹುಡುಗ ಅವಳನ್ನು ಹಗ್ಗದ ಬುಡದಲ್ಲೇ ಕೂಡಿಸಿದ. ಹೊತ್ತು ನಮ್ಮ ಬೆನ್ನ ಹಿಂದಿನ ಗುಡ್ಡದಿಂದ ಏರುತ್ತಿತ್ತು. ಒದ್ದೆ ಮರಳು ಹೊಳೆಯುತ್ತಿತ್ತು. ಅದರ ಮೇಲೆ ಕಪ್ಪಗಿನ ಮರಿಗಳು. ಬಾಡಿದ ಕಣ್ಣಿಗೂ ಕಾಣುವಂತೆ ಪ್ರಕೃತಿಯೇ ಏರ್ಪಾಡು ಮಾಡಿತ್ತು. ಅವ್ವ ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ನಕ್ಕಳು.

“ಗಾಡಿಗಾಲಿಯಷ್ಟು ಅಂದಿದ್ರು, ಇದು ಧಾರವಾಡ ಪೇಡೆದಷ್ಟ ಐತಲ್ಲೋ!”

ಒಂದು ಮರಿ ನೀರಂಚು ಮುಟ್ಟಿತು. ತೆರೆ ಬಂದು ಅದನ್ನು ಮಗುಚಿ ಹಿಂದಕ್ಕೆ ಎಸೆಯಿತು. ಅದು ಹೇಗೋ ಹೊರಳಿ ಮತ್ತೆ ನಡೆಯಿತು. ಮತ್ತೆ ತೆರೆ, ಮತ್ತೆ ಹಿಂದಕ್ಕೆ. ನಮ್ಮ ಮಗಳು, “ಎತ್ತಿ ನೀರಿಗೆ ಬಿಟ್ಟರೆ ಆಗುವುದಿಲ್ಲವೇ?” ಎಂದು ಕೇಳಿದಳು. ಆಗುವುದಿಲ್ಲವೆಂದ ಹುಡುಗ. ಮರಳಿನ ಮೇಲೆ ತಾನೇ ನಡೆದುಹೋದರೆ ಮಾತ್ರ ಆ ತೀರದ ಗುರುತು ಮರಿಯಲ್ಲಿ ಉಳಿಯುತ್ತದೆಂದೂ, ಹತ್ತು ಹದಿನೈದು ವರ್ಷ ಕಳೆದು ತಾನು ತಾಯಿಯಾಗುವಾಗ ಆ ಗುರುತಿನ ಮೇಲೆಯೇ ಆ ಸೀಮೆಗೆ ಮರಳುತ್ತದೆಂದೂ ನಂಬಿಕೆ ಎಂದು ವಿವರಿಸಿದ. ಎಷ್ಟು ಉಳಿಯುತ್ತವೆಂದು ನಾವು ಕೇಳಿದೆವು. ಸಾವಿರದಲ್ಲಿ ಒಂದು ದೊಡ್ಡದಾದರೆ ಪುಣ್ಯವೆನ್ನುತ್ತಾರೆ ಎಂದ. ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಐದು ಹಡದೆ. ಮೂರು ಉಳದ್ರಿ” ಎಂದಳು. ಮಿಕ್ಕ ಇಬ್ಬರ ಸುದ್ದಿಯನ್ನು ನಮ್ಮ ಮನೆಯಲ್ಲಿ ಎಂದೂ ಯಾರೂ ಆಡಿದ್ದಿಲ್ಲ. ಕೊನೆಯ ಮರಿ ನೀರು ಸೇರುವವರೆಗೂ ಅವಳು ಏಳಲಿಲ್ಲ. ಅದು ಕಾಣದಾದಾಗ ಕೈಮುಗಿದಳು.

ಮಿತ್ರರೇ, ಮನೆಗೆ ಮರಳಿದ ಮೇಲೆ ಓದಿದ ಒಂದು ಸಂಗತಿಯನ್ನು ಈ ಸಭೆಗೆ ಹೇಳಲೇಬೇಕು. 2021ರ ಮಾರ್ಚ್ ತಿಂಗಳಲ್ಲಿ ಒಡಿಶಾದ ತೀರದಲ್ಲಿ ಶಾಸ್ತ್ರಜ್ಞರು ಒಂದು ಹೆಣ್ಣಾಮೆಯ ಕಾಲಿಗೆ 03233 ಎಂಬ ಸಂಖ್ಯೆಯ ಲೋಹದ ಬಿಲ್ಲೆ ತೊಡಿಸಿದರು. ಅದೇ ಆಮೆ 2025ರ ಜನವರಿಯಲ್ಲಿ ರತ್ನಾಗಿರಿ ಜಿಲ್ಲೆಯ ಗುಹಾಗರ ತೀರಕ್ಕೆ ಬಂದು ಮೊಟ್ಟೆಯಿಟ್ಟಿತು. ಸುಮಾರು 3,500 ಕಿಲೋಮೀಟರಿನ ಹಾದಿ! ಮೂಡಣ ಕಡಲಿನ ಆಮೆ ಬೇರೆ, ಪಡುವಣ ಕಡಲಿನದು ಬೇರೆ ಎಂದುಕೊಂಡಿದ್ದವರಿಗೆ ಇದು ಅಚ್ಚರಿಯಾಯಿತು. ನಮಗೆ ಅಷ್ಟು ಅಚ್ಚರಿಯಾಗಲಿಲ್ಲ. ಒಂದು ನಾಡಿನಿಂದ ಹೊರಟು ಇನ್ನೊಂದು ನಾಡಿನಲ್ಲಿ ಸಂಸಾರ ಹೂಡಿದವರು ಈ ಸಭೆಯ ತುಂಬ ಕುಳಿತಿದ್ದೇವೆ. ನಮ್ಮ ಮಕ್ಕಳು ಡೊಂಬಿವಲಿಯ ಮರಳಿನಲ್ಲಿ ಹುಟ್ಟಿದವರು. ಅವರಿಗೆ ಅದೇ ತವರು, ಅದು ತಪ್ಪಲ್ಲ. ಆದರೆ ಅಜ್ಜಿಯ ಮಾತಿನ ಮರಳ ಮೇಲೆಯೂ ಅವರು ನಾಲ್ಕು ಹೆಜ್ಜೆ ನಡೆಯಲಿ. ಎತ್ತಿಕೊಂಡು ಹೋಗಿ ಬಿಟ್ಟರೆ ಸಾಲದು, ತಾವೇ ನಡೆಯಬೇಕು. ಮರಳಿ ಬಂದ ನಮ್ಮ ಮಗಳು ‘ಕೂರ್ಮ’ ಎಂಬ ಶಬ್ದವನ್ನು ಕನ್ನಡದಲ್ಲಿ ಬರೆಯಲು ಅಜ್ಜಿಯಿಂದ ಕಲಿತಳು. ಅಜ್ಜಿಗೆ ಅಕ್ಷರ ಕಾಣದು. ಮೊಮ್ಮಗಳ ಅಂಗೈಯ ಮೇಲೆ ಬೆರಳಿನಿಂದ ಬರೆದು ತೋರಿಸಿದಳು.

ಹೋಗಬಯಸುವವರಿಗೆ ಎರಡು ಮಾತು. ಮೊದಲೇ ವಿಚಾರಿಸಿಕೊಂಡು, ಎರಡು ರಾತ್ರಿಯಾದರೂ ನಿಲ್ಲುವಂತೆ ಹೋಗಿ. ತೀರದಲ್ಲಿ ದೀಪ ಹಿಡಿಯಬೇಡಿ. ಬೆಳಕು ಕಂಡತ್ತ ಹೋಗುವುದು ಮರಿಗಳ ಸ್ವಭಾವ, ದಾರಿ ತಪ್ಪುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ಪ್ರಾಣಿಗೆ ಹಿಂಸೆ ಮಾಡುವುದು, ಮೊಟ್ಟೆ ತೆಗೆಯುವುದು ಅಪರಾಧ. ಊರಿಗೆ ಹೋಗುವಾಗ ನೋಡಬೇಕೆನ್ನುವವರಿಗೆ ನಮ್ಮ ಉತ್ತರ ಕನ್ನಡದ ಕರಾವಳಿಯೂ ಉಂಟು. ಕಾರವಾರ, ಹೊನ್ನಾವರದ ಕಾಸರಕೋಡು ಕಡೆಗಳಲ್ಲಿಯೂ ಈ ಆಮೆಗಳು ಮೊಟ್ಟೆಯಿಡುತ್ತವೆ. ಮನೆಯಲ್ಲಿ ಹಿರಿಯರಿದ್ದರೆ ಅವರು ಚಿಕ್ಕಂದಿನಲ್ಲಿ ಏನನ್ನು ಕಾಣಬಯಸಿದ್ದರೆಂದು ಒಮ್ಮೆ ಕೇಳಿ. ಅವರಾಗಿ ಹೇಳುವುದಿಲ್ಲ. ಕೇಳಿದ ಮೇಲೆ ಲೆಕ್ಕ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ಬಹಳ ಕಾಯಬೇಡಿ.