ವೃದ್ಧಾಶ್ರಮಗಳಲ್ಲಿ ಗಂಧಸೇವೆ

(ಶ್ರೀಮಠದ ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಶ್ರೀ ಗುರುಬಸವಲಿಂಗಾಯ ನಮಃ.

 

ಪೃಥ್ವಿಯ ವಿಶೇಷಗುಣವು ಗಂಧವೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಬೇಸಗೆಯ ಕೊನೆಯಲ್ಲಿ ಮೊದಲ ಮಳೆಹನಿ ಬಿದ್ದ ನೆಲದ ಕಂಪನ್ನು ಬಲ್ಲವರಿಗೆ ಇದಕ್ಕೆ ಬೇರೆ ಪ್ರಮಾಣವು ಬೇಕಾಗದು. ಷಟ್‌ಸ್ಥಲಶಾಸ್ತ್ರವು ಈ ಮಾತನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿರುವುದು. ಅದೆಂತೆಂದರೆ, ಭಕ್ತಸ್ಥಲಕ್ಕೆ ಪೃಥ್ವಿಯೇ ಅಂಗ, ಆಚಾರಲಿಂಗವೇ ಲಿಂಗ, ಘ್ರಾಣವೇ ಮುಖ, ಗಂಧವೇ ಅರ್ಪಿತದ್ರವ್ಯ, ಸುಚಿತ್ತವೇ ಅದನ್ನರ್ಪಿಸುವ ಹಸ್ತ. ಆರು ಸ್ಥಲಗಳ ಮೊದಲನೆಯ ಮೆಟ್ಟಿಲಲ್ಲಿಯೇ ಮೂಗನ್ನು ಆಚಾರದೊಡನೆ ಕೂಡಿಸಿಟ್ಟಿರುವುದು ಆಲೋಚಿಸತಕ್ಕ ವಿಷಯವಾಗಿದೆ. ವೃದ್ಧಾಶ್ರಮಗಳಲ್ಲಿ ಸುಗಂಧದ್ರವ್ಯಗಳಿಂದ ಹಿರಿಯರ ಸೌಖ್ಯವನ್ನು ಹೆಚ್ಚಿಸುವ ಬಗೆಯನ್ನು ವಿಚಾರಿಸುವಾಗ ಈ ಎರಡು ಶಬ್ದಗಳು, ಆಚಾರ ಮತ್ತು ಸುಚಿತ್ತ, ಮನಸ್ಸಿನಲ್ಲಿರಬೇಕು.

ಹಿಂದೆ ವೃದ್ಧರು ಮನೆಯ ಜಗಲಿಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ಕಾಲವನ್ನು ಕಳೆಯುತ್ತಿದ್ದರು. ಈಗ ಅನೇಕರಿಗೆ ಆ ಭಾಗ್ಯವಿಲ್ಲ. ೨೦೦೭ನೆಯ ಇಸವಿಯ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಜಿಲ್ಲೆಗೊಂದರಂತೆ, ಕಡಿಮೆಯೆಂದರೆ ೧೫೦ ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವ ಆಶ್ರಮಗಳ ಮಾತನ್ನಾಡಿದೆ. ಮಠಗಳೂ ಧರ್ಮಸಂಸ್ಥೆಗಳೂ ಇಂತಹ ಆಶ್ರಮಗಳನ್ನು ನಡೆಸುತ್ತಲಿವೆ. ಅಲ್ಲಿ ಅನ್ನವುಂಟು, ಹಾಸಿಗೆಯುಂಟು, ಔಷಧವುಂಟು. ಆದರೂ ಮನೆಯನ್ನು ಬಿಟ್ಟುಬಂದ ಜೀವಕ್ಕೆ ಅಲ್ಲಿ ಯಾವುದೋ ಒಂದು ಇಲ್ಲವೆನಿಸುವುದು. ಆ ಇಲ್ಲದುದರಲ್ಲಿ ಬಹುಭಾಗವು ಗಂಧವೇ ಆಗಿರುತ್ತದೆ: ಒಲೆಯ ಮೇಲಿನ ರೊಟ್ಟಿಯ ಕಂಪು, ಹಿತ್ತಲಿನ ಮರುಗ, ಸಾಣೆಕಲ್ಲಿನ ಮೇಲೆ ತೇಯ್ದ ಶ್ರೀಗಂಧ, ದನದ ಕೊಟ್ಟಿಗೆ, ಮಗುವಿನ ನೆತ್ತಿ.

ಇದು ಕೇವಲ ಭಾವುಕತೆಯಲ್ಲ. ಕಣ್ಣು ಕಿವಿಗಳ ಸಂದೇಶಗಳು ಮೆದುಳಿನ ನಡುವಣ ಥಾಲಮಸ್ ಎಂಬ ಭಾಗವನ್ನು ಹಾದು ಮುಂದುವರಿಯುವುವು. ಗಂಧದ ಸಂದೇಶವಾದರೋ ಆ ಬಾಗಿಲನ್ನು ಕಾಯದೆ, ಭಾವಕ್ಕೂ ಸ್ಮರಣೆಗೂ ನೆಲೆಯಾದ ಭಾಗಗಳನ್ನು ಸಮೀಪದ ಹಾದಿಯಿಂದಲೇ ಮುಟ್ಟುವುದು. ಗಂಧವನ್ನು ಗುರುತಿಸುವ ಸೂಕ್ಷ್ಮಾಂಗಗಳನ್ನು ೧೯೯೧ರಲ್ಲಿ ಕಂಡುಹಿಡಿದ ರಿಚರ್ಡ್ ಆಕ್ಸೆಲ್, ಲಿಂಡಾ ಬಕ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ ೨೦೦೪ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಗಂಧದಿಂದ ಏಳುವ ನೆನಪುಗಳು ಹೆಚ್ಚಾಗಿ ಬಾಲ್ಯದವೆಂಬುದೂ ಪರೀಕ್ಷೆಗಳಿಂದ ಕಂಡುಬಂದಿದೆ. ಮಗನ ಹೆಸರನ್ನು ಮರೆತ ವೃದ್ಧೆಯೊಬ್ಬಳು ದವನದ ಕಡ್ಡಿಯನ್ನು ಮೂಸಿ, ತಾನು ಹುಡುಗಿಯಾಗಿದ್ದಾಗ ಕಂಡ ಜಾತ್ರೆಯ ಮಾತನ್ನಾಡತೊಡಗಿದರೆ ಆಶ್ಚರ್ಯಪಡಬೇಕಾಗಿಲ್ಲ.

ಆದರೆ ಇಲ್ಲಿಯೇ ಒಂದು ತೊಡಕುಂಟು. ಮುಪ್ಪಿನಲ್ಲಿ ಕಣ್ಣು ಮಂಜಾಗುವಂತೆ ಮೂಗೂ ಮಂಜಾಗುವುದು. ೧೯೮೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಂತೆ ೬೫ರಿಂದ ೮೦ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೂ, ೮೦ನ್ನು ದಾಟಿದವರಲ್ಲಿ ಮುಕ್ಕಾಲು ಪಾಲಿನವರಿಗೂ ಘ್ರಾಣಶಕ್ತಿಯು ಗಣನೀಯವಾಗಿ ಕುಂದಿರುವುದು. ಕಣ್ಣಿಗೆ ಕನ್ನಡಕವನ್ನು ಕೊಡಿಸುವವರು ಮೂಗಿನ ವಿಷಯವನ್ನು ಕೇಳುವುದೇ ಇಲ್ಲ. ಅಜ್ಜನು ಸಾರಿಗೆ ಉಪ್ಪಿಲ್ಲ, ಹುಳಿಗೆ ರುಚಿಯಿಲ್ಲವೆಂದು ಗೊಣಗಿದರೆ ಹಟವೆಂದು ಬಗೆಯುವರು. ನಿಜವಾಗಿ ರುಚಿಯ ಬಹುಭಾಗವು ಮೂಗಿನದೇ. ಅನಿಲವು ಸೋರಿದರೂ ಅನ್ನವು ಹಳಸಿದರೂ ಇಂತಹವರಿಗೆ ತಿಳಿಯದು. ಘ್ರಾಣವು ಕುಂದುವುದು ಒಮ್ಮೊಮ್ಮೆ ಪಾರ್ಕಿನ್ಸನ್ ಮೊದಲಾದ ರೋಗಗಳ ಮುನ್ಸೂಚನೆಯೂ ಆಗಬಹುದಾದ್ದರಿಂದ ವೈದ್ಯರಿಗೆ ತೋರಿಸತಕ್ಕದ್ದು. ಗಂಧಸೇವೆಯ ಮೊದಲ ಅಂಗವು ಆದುದರಿಂದ ಗಂಧವನ್ನು ಹಚ್ಚುವುದಲ್ಲ, ಕೇಳುವುದು: ಅಜ್ಜಿ, ನಿಮಗೆ ಇದರ ವಾಸನೆ ತಿಳಿಯುವುದೇ? ಯಾವುದು ಹಿತ? ಯಾವುದು ಬೇಡ?

ಸುಗಂಧವು ರೋಗವನ್ನು ಕಳೆಯುವುದೆಂದು ಸಾರುವವರು ಬಹಳ. ೧೯೩೭ರಲ್ಲಿ ಫ್ರಾನ್ಸಿನ ಗಾಟ್‌ಫೊಸೆ ಎಂಬ ರಸಾಯನಜ್ಞನು ಈ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದಂದಿನಿಂದ ಗಂಧಚಿಕಿತ್ಸೆಯೆಂಬ ಹೆಸರು ಹಬ್ಬಿದೆ. ೨೦೦೨ರಲ್ಲಿ ಇಂಗ್ಲೆಂಡಿನಲ್ಲಿ, ಮತಿಭ್ರಂಶದಿಂದ ತಳಮಳಿಸುವ ೭೨ ಮಂದಿ ಆಶ್ರಮವಾಸಿಗಳ ಮುಖಕ್ಕೂ ತೋಳಿಗೂ ದಿನಕ್ಕೆರಡು ಸಾರಿ ತೈಲವನ್ನು ಸವರಿ ಪರೀಕ್ಷಿಸಿದರು. ಕೆಲವರಿಗೆ ಮೆಲಿಸ್ಸವೆಂಬ, ನಿಂಬೆಯ ಕಂಪಿನ ಸೊಪ್ಪಿನ ತೈಲ. ಉಳಿದವರಿಗೆ ಸೂರ್ಯಕಾಂತಿಯ ತೈಲ. ನಾಲ್ಕು ವಾರಗಳಲ್ಲಿ ಮೊದಲಿನವರಲ್ಲಿ ನೂರಕ್ಕೆ ೬೦ ಮಂದಿಗೂ, ಎರಡನೆಯವರಲ್ಲಿ ನೂರಕ್ಕೆ ೧೪ ಮಂದಿಗೂ ತಳಮಳವು ಚೆನ್ನಾಗಿ ತಗ್ಗಿತು. ಇದನ್ನು ಕೇಳಿದವರು ಹಿಗ್ಗಿದರು. ಆದರೆ ೨೦೧೧ರಲ್ಲಿ ಪ್ರಕಟವಾದ ಇನ್ನೊಂದು ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಆ ಸೊಪ್ಪಿನ ತೈಲಕ್ಕೆ ವಿಶೇಷವಾದ ಮೇಲುಗೈ ಕಾಣಲಿಲ್ಲ. ಹುಸಿತೈಲವನ್ನು ಸವರಿಸಿಕೊಂಡವರೂ ಸಮಾಧಾನಗೊಂಡಿದ್ದರು. ೨೦೨೦ರಲ್ಲಿ ೧೩ ಪರೀಕ್ಷೆಗಳನ್ನು ಒಟ್ಟಾಗಿ ತೂಗಿನೋಡಿದವರೂ, ಮತಿಭ್ರಂಶಕ್ಕೆ ಗಂಧಚಿಕಿತ್ಸೆಯಿಂದ ಪ್ರಯೋಜನವುಂಟೆಂದು ನಂಬತಕ್ಕ ಪ್ರಮಾಣವಿಲ್ಲವೆಂದರು.

ಹಾಗಾದರೆ ಗಂಧವು ವ್ಯರ್ಥವೇ? ಅಲ್ಲ. ಹುಸಿತೈಲದವರು ಏತಕ್ಕೆ ಶಾಂತರಾದರೆಂಬುದನ್ನು ವಿಚಾರಿಸಬೇಕು. ಕಾರಣಗಳು ಹಲವಿರಬಹುದು, ಆದರೆ ಅವರಿಗೂ ಒಂದು ಕೈ ತೋಳನ್ನು ಸವರಿತ್ತು, ಒಬ್ಬರು ಬಳಿಯಲ್ಲಿ ಕುಳಿತಿದ್ದರೆಂಬುದನ್ನು ಮರೆಯಲಾಗದು. ಶಾಸ್ತ್ರವು ಗಂಧವನ್ನು ಹೇಳಿದಲ್ಲಿಯೇ ಸುಚಿತ್ತವೆಂಬ ಹಸ್ತವನ್ನೂ ಹೇಳಿದೆ. ಹಸ್ತವಿಲ್ಲದ ಗಂಧವು ಅರ್ಪಿತವಾಗದು. ಗೋಡೆಗೆ ತಗುಲಿಸಿದ ಯಂತ್ರವು ಗಳಿಗೆಗೊಮ್ಮೆ ಚಿಮ್ಮಿಸುವ ಅತ್ತರು ಸೇವೆಯೆನಿಸಲಾರದು.

ಇನ್ನು ಆಚಾರದ ಮಾತು. ಕೆಲವು ಆಶ್ರಮಗಳಲ್ಲಿ ಅತಿಥಿಗಳು ಬರುವ ದಿನ ಊದುಬತ್ತಿಯ ಕಟ್ಟುಗಳನ್ನೇ ಉರಿಸುವುದುಂಟು. ಒದ್ದೆಯಾದ ಹಾಸಿಗೆಯನ್ನು ಬದಲಿಸದೆ, ಹೇಲುಚ್ಚೆಯ ಬಟ್ಟೆಯನ್ನು ಒಗೆಯದೆ, ಕಿಟಕಿಯನ್ನು ತೆರೆಯದೆ ಅದರ ಮೇಲೆ ಧೂಪವನ್ನು ಹಾಕುವುದು ಸುಗಂಧವಲ್ಲ, ಸುಳ್ಳು. ಘ್ರಾಣವು ಆಚಾರಲಿಂಗದ ಮುಖವೆಂಬುದರ ಮರ್ಮವು ಇಲ್ಲಿದೆ: ಮನೆಯ ನಡತೆಯನ್ನು ಕಣ್ಣಿಗಿಂತ ಮೊದಲು ಮೂಗು ಹೇಳುವುದು. ಮೊದಲು ನೀರು, ಸೀಗೆಕಾಯಿ, ಸಾಬೂನು, ಬಿಸಿಲು, ಗಾಳಿ, ಆಮೇಲೆ ಗಂಧ. ಹೊಗೆಯಂತೂ ಉಬ್ಬಸವುಳ್ಳವರಿಗೆ ವಿಷಸಮಾನ. ಲೋಬಾನವಾಗಲಿ ಊದುಬತ್ತಿಯಾಗಲಿ ಮಲಗುವ ಕೋಣೆಯಲ್ಲಿ ಸಲ್ಲದು. ಪ್ರಾಣವಾಯುವಿನ ಕೊಳವೆಯನ್ನು ಹಾಕಿಕೊಂಡವರ ಬಳಿ ಬೆಂಕಿಯೇ ಸಲ್ಲದು. ಕರ್ಪೂರವನ್ನೂ ನೀಲಗಿರಿ ತೈಲವನ್ನೂ ಮರೆವಿನವರು ಬಾಯಿಗೆ ಹಾಕಿಕೊಂಡರೆ ಅಪಾಯವಾದ್ದರಿಂದ ಬೀಗದ ಒಳಗಿಡಬೇಕು. ಘಾಟಾದ ತೈಲಗಳನ್ನು ಬೆರಸದೆ ಮುಪ್ಪಿನ ತೆಳುದೊಗಲಿಗೆ ಹಚ್ಚಲಾಗದು.

ಹೊಗೆಯಿಲ್ಲದ ಗಂಧಗಳಿಗೆ ಕನ್ನಡನಾಡಿನಲ್ಲಿ ಬಡತನವಿಲ್ಲ. ೧೯೧೬ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ಗಂಧದೆಣ್ಣೆಯ ತಯಾರಿಕೆಯನ್ನು ಕೈಗೊಂಡ ನಾಡಿದು. ಆದರೆ ಬೆಲೆಯುಳ್ಳ ಎಣ್ಣೆಯು ಅಗತ್ಯವಿಲ್ಲ. ಬೆಳಗಿನ ಹೊತ್ತು ಗಂಧದ ಕೊರಡಿನ ಚೂರೊಂದನ್ನು ಸಾಣೆಯ ಮೇಲೆ ತೇಯಲು ಅಜ್ಜನಿಗೇ ಕೊಟ್ಟರೆ ಕೈಗೆ ಕೆಲಸವೂ ಆಯಿತು, ಕೋಣೆಗೆ ಕಂಪೂ ಆಯಿತು. ಅಡುಗೆಮನೆಯ ಒಗ್ಗರಣೆಯ ವಾಸನೆಯು ಊಟದ ಮೊದಲು ಪಡಸಾಲೆಗೆ ಬರುವಂತಿದ್ದರೆ ಹಸಿವು ತಾನಾಗಿಯೇ ಏಳಬಹುದು. ಬಿಸಿಲಿನ ದಿನಗಳಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ತಂಪೂ ಕಂಪೂ ಒಟ್ಟಿಗೆ ಬರುವುವು. ಸಂಜೆ ಮಲ್ಲಿಗೆಯ ಮೊಗ್ಗುಗಳನ್ನು ತಟ್ಟೆಯಲ್ಲಿಟ್ಟು ದಾರವನ್ನು ಕೊಟ್ಟರೆ, ಸೊಸೆಯ ಹೆಸರನ್ನು ಮರೆತ ಬೆರಳುಗಳು ಮಾಲೆಯ ಗಂಟನ್ನು ಮರೆತಿರಲಾರವು. ಅಂಗಳದಲ್ಲಿ ಬಿಲ್ವ, ಸಂಪಿಗೆ, ಮರುಗ, ದವನಗಳನ್ನು ಬೆಳೆಸಿ, ಗಾಲಿಕುರ್ಚಿಯವರಿಗೂ ಕೈಗೆಟುಕುವಂತೆ ಕಟ್ಟೆಗಳನ್ನು ಎತ್ತರಿಸಬೇಕು.

ಒಂದು ಎಚ್ಚರಿಕೆಯು ಮಾತ್ರ ಉಂಟು. ಎಲ್ಲರಿಗೂ ಒಂದೇ ಗಂಧವು ಹಿತವಲ್ಲ. ಒಬ್ಬರಿಗೆ ಹಬ್ಬವನ್ನು ನೆನಪಿಸುವ ಮಲ್ಲಿಗೆಯು, ಹರೆಯದಲ್ಲಿಯೇ ಪತಿಯನ್ನು ಕಳೆದುಕೊಂಡು ಹೂವನ್ನು ಬಿಟ್ಟವಳಿಗೆ ಕಣ್ಣೀರನ್ನು ತರಬಹುದು. ಧೂಪವು ಒಬ್ಬರಿಗೆ ಪೂಜೆ, ಇನ್ನೊಬ್ಬರಿಗೆ ಹೆಣದ ಮುಂದಿನ ಹೊಗೆ. ಶ್ರೀಮಠದ ಆಶ್ರಯಕ್ಕೆ ಬಂದವರಲ್ಲಿ ಅನ್ಯಮತದವರೂ ಇರುವರು. ಅವರಿಗೆ ಅವರ ಮನೆಯ ಪರಿಮಳವೇ ಪ್ರಸಾದ.

ಭಕ್ತ ಮಹಾಶಯರೇ! ಮಹೋತ್ಸವದ ನೆನಪಿಗಾಗಿ ಆಶ್ರಮಕ್ಕೆ ಏನನ್ನಾದರೂ ಅರ್ಪಿಸಬೇಕೆನ್ನುವವರು ಊದುಬತ್ತಿಯ ಪೆಟ್ಟಿಗೆಯನ್ನು ಕಳುಹಿಸಿ ಸುಮ್ಮನಾಗಬಾರದು. ವಾರಕ್ಕೊಂದು ಗಳಿಗೆ ಅಲ್ಲಿಗೆ ಹೋಗಿ, ಹಿತ್ತಲಿನ ಒಂದು ಹಿಡಿ ಹೂವನ್ನೋ ಸೊಪ್ಪನ್ನೋ ಒಯ್ದು, ಒಬ್ಬ ಹಿರಿಯರ ಬಳಿ ಕುಳಿತು, ಇದು ಏನೆಂದು ಬಲ್ಲಿರಾ ಎಂದು ಕೇಳಲಿ. ಉತ್ತರವು ಬಂದರೆ ಪೂರ್ತಿಯಾಗಿ ಆಲಿಸಲಿ. ಬಾರದಿದ್ದರೆ ಆ ಕೈಯನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತಿರಲಿ. ಆಚಾರಲಿಂಗಕ್ಕೆ ಗಂಧವು ಸಲ್ಲುವುದು ಹಾಗೆಯೇ.