ಆಕಾಶದ ಕಣ್ಣು, ಕಾಲಡಿಯ ನೀರು



ನೀರು ತುಂಬಿದ ಸಡಿಲ ಮರಳುಮಣ್ಣು ಭೂಕಂಪದಿಂದ ಅಲುಗಿದಾಗ, ಕಣಗಳ ನಡುವಿನ ನೀರಿನ ಒತ್ತಡ ಏರುತ್ತದೆ. ಕಣಗಳ ಪರಸ್ಪರ ಹಿಡಿತ ತಪ್ಪಿ ನೆಲವೇ ಅಂಬಲಿಯಂತಾಗುತ್ತದೆ. ಇದೇ ಮಣ್ಣಿನ ದ್ರವೀಕರಣ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಚ್ಛದ ರಣಭೂಮಿಯಿಂದ ನೀರೂ ಮರಳೂ ಬುಗ್ಗೆಯಾಗಿ ಉಕ್ಕಿದವು.

ಕೃಷಿಕರು ವಿಶೇಷವಾಗಿ ಗಮನಿಸಬೇಕಾದುದು 2018ರ ಸೆಪ್ಟೆಂಬರ್ 28ರಂದು ಇಂಡೋನೇಷ್ಯಾದ ಪಾಲು ಕಣಿವೆಯಲ್ಲಿ ನಡೆದ ದುರಂತವನ್ನು. ಅಲ್ಲಿ ಬಹುತೇಕ ಸಮತಟ್ಟಾದ ನೆಲ ಮನೆಮಾರುಗಳ ಸಮೇತ ನೂರಾರು ಮೀಟರ್ ಜಾರಿತು. ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು, ಕಾಲುವೆಯ ನೀರಿನಿಂದ ನಡೆದ ಭತ್ತದ ಬೇಸಾಯ ಅಂತರ್ಜಲವನ್ನು ಮೇಲೇರಿಸಿ ಈ ಜಾರುವಿಕೆಗೆ ಎಡೆಮಾಡಿತೆಂದು 2019ರಲ್ಲಿ ವಿವರಿಸಿದರು.

ರಾಡಾರ್ ಉಪಗ್ರಹಕ್ಕೆ ಮೋಡವಾಗಲಿ ಕತ್ತಲೆಯಾಗಲಿ ಅಡ್ಡಿಯಲ್ಲ. ಅದು ಕಳುಹಿಸಿದ ಅಲೆ ನೆಲಕ್ಕೆ ತಾಗಿ ಮರಳುತ್ತದೆ. ಎರಡು ದಿನಾಂಕಗಳಲ್ಲಿ ಮರಳಿದ ಅಲೆಗಳನ್ನು ಹೋಲಿಸಿದರೆ, ನೆಲ ಕೆಲವೇ ಸೆಂಟಿಮೀಟರ್ ಸರಿದಿದ್ದರೂ ತಿಳಿಯುತ್ತದೆ. ನೆಲದ ಮೇಲ್ಮೈಯೇ ಕದಡಿದ್ದರೆ ಅಲೆಗಳ ಹೊಂದಾಣಿಕೆ ಅಳಿಯುತ್ತದೆ. ದ್ರವೀಕರಣಕ್ಕೆ ಅದೂ ಒಂದು ಸುಳಿವು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಉಡಾಯಿಸಲಾದ, ಇಸ್ರೊ ಮತ್ತು ನಾಸಾ ಜೊತೆಗೂಡಿ ನಿರ್ಮಿಸಿದ ನಿಸಾರ್ ಉಪಗ್ರಹ 12 ದಿನಗಳಿಗೊಮ್ಮೆ ಅದೇ ಹಾದಿಗೆ ಮರಳುವಂತೆ ರೂಪಿತವಾಗಿದೆ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಭೂಕಂಪದ ಅಪಾಯ ಕಡಿಮೆ. ಜಿಗುಟಾದ ಎರೆಮಣ್ಣು ಮರಳಿನಂತೆ ಸುಲಭವಾಗಿ ದ್ರವಿಸುವುದೂ ಇಲ್ಲ. ಆದುದರಿಂದ ಭೀತಿ ಬೇಡ. ಆದರೆ ದಖ್ಖನ್ ನೆಲ ಅಲುಗದೆಂಬ ನಂಬಿಕೆಯನ್ನು 1993ರ ಕಿಲ್ಲಾರಿ ಭೂಕಂಪ ಅಳಿಸಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿಯ ಗದ್ದೆಗಳಲ್ಲಿ, ಸವಳು-ಜವಳು ಹಳೆಯ ವ್ಯಾಧಿ. ಹೊಳೆದಂಡೆಯ ಸಡಿಲ ಮರಳಿನಲ್ಲಿ ನೀರು ಎಷ್ಟು ಆಳದಲ್ಲಿದೆಯೆಂಬುದನ್ನು ಅರಿಯುವುದು ವಿವೇಕ.

ಇಲ್ಲಿಯೇ ಉಪಗ್ರಹದ ಮಿತಿಯೂ ಇದೆ. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯನ್ನು, ನಮ್ಮ ಗುಡ್ಡಗಳ ಕಲ್ಲುಬಂಡೆಯನ್ನು ಅದು ಚೆನ್ನಾಗಿ ಗುರುತಿಸುತ್ತದೆ. ಕದಲದ ಬಂಡೆಯೇ ಅಳತೆಗೆ ಆಧಾರ. ಆದರೆ ನೀರು ನಿಂತ ಗದ್ದೆ, ಬೆಳೆಯುವ ಪೈರು ಇವು ಭೂಕಂಪವಿಲ್ಲದೆಯೇ ಅಲೆಗಳ ಹೊಂದಾಣಿಕೆಯನ್ನು ಕೆಡಿಸುತ್ತವೆ. ಕೆಟ್ಟದ್ದು ನಾಟಿಯಿಂದಲೋ ನೆಲದ ಸರಿತದಿಂದಲೋ ಎಂಬುದನ್ನು ನೆಲದ ಮೇಲಿನವರೇ ಹೇಳಬೇಕು.

ಆದುದರಿಂದ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಕಾಲುವೆಗೆ ನೀರು ಬಿಡುವ ಮುನ್ನ ಮತ್ತು ಬಿಟ್ಟ ಬಳಿಕ, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಊರಿನ ಬಾವಿಯ ನೀರಿನ ಮಟ್ಟವನ್ನು ಹಗ್ಗ ಇಳಿಬಿಟ್ಟು ಅಳೆಯಿರಿ. ದಿನಾಂಕ ಸಹಿತ ಬರೆದಿಡಿ. ನಾಟಿಯ ದಿನವನ್ನೂ, ನೆಲದ ಹೊಸ ಬಿರುಕನ್ನೂ ಗುರುತಿಸಿರಿ. ರೈತರು ನೀರನ್ನು ಮಿತವಾಗಿ ಹಾಯಿಸಿ, ಬಸಿಗಾಲುವೆಗಳನ್ನು ತೆರವಾಗಿಡಲಿ. ಉಪಗ್ರಹದ ಚಿತ್ರಕ್ಕೆ ಅರ್ಥ ಬರುವುದು ನಿಮ್ಮ ಈ ಪುಸ್ತಕದಿಂದ. ನೆಲ ಉಳಿಯುವುದು ನಿಮ್ಮ ಈ ಎಚ್ಚರದಿಂದ.